ಕೆಂಪು ಕಲ್ಲಿನಲ್ಲಿ ಸಿಕ್ಕ ಹಳೆಯ ಗಾಳಿ

ಅಪ್ಪ ಅಮ್ಮ ಹಾಕಿದ ರೇಡಿಯೊವನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಬೇರೆ ದಾರಿಯಿಲ್ಲದೆ ಕೇಳುತ್ತಿರುವ ಯುವ ಗೆಳೆಯರೇ, ಇವತ್ತಿನ ಮಾತು ನಿಮಗಾಗಿಯೇ.

ನಾನು ವಿಜ್ಞಾನಿಯಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಅದಿರಿನ ಗಣಿಗಳಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿರುವ ಎಂಜಿನಿಯರ್. ಎರಡು ವಾರ ಗಣಿ, ಒಂದು ವಾರ ಪರ್ತ್‌ನ ಮನೆ. ಮಾತಿನಲ್ಲಿ ನಾಲ್ಕು ಕನ್ನಡ ಪದ ಬರುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಆಮ್ಲಜನಕ ಅಂದರೆ ಆಕ್ಸಿಜನ್, ಸಾರಜನಕ ಅಂದರೆ ನೈಟ್ರೋಜನ್, ಜಲಜನಕ ಅಂದರೆ ಹೈಡ್ರೋಜನ್, ಇಂಗಾಲ ಅಂದರೆ ಕಾರ್ಬನ್. ಇಷ್ಟು ಗೊತ್ತಿದ್ದರೆ ಸಾಕು.

ಮೂರು ವರ್ಷದ ಹಿಂದೆ ನನ್ನ ತಂದೆ ಸಂಡೂರಿನಿಂದ ನಮ್ಮ ಮನೆಗೆ ಬಂದಿದ್ದರು. ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿದೆ. ಅಲ್ಲೂ ಕಬ್ಬಿಣದ ಗಣಿಗಳಿವೆ, ಮ್ಯಾಂಗನೀಸ್ ಗಣಿಗಳಿವೆ. ಅವರು ಅಲ್ಲೇ ದುಡಿದು ನಮ್ಮನ್ನೆಲ್ಲ ಓದಿಸಿದವರು. ಜುಲೈ ರಜೆಯಲ್ಲಿ ಎಲ್ಲರೂ ಕಾರಿನಲ್ಲಿ ಕರಿಜಿನಿ ನ್ಯಾಷನಲ್ ಪಾರ್ಕಿಗೆ ಹೋದೆವು. ಪರ್ತ್‌ನಿಂದ ಸುಮಾರು 1400 ಕಿಲೋಮೀಟರ್. ಆ ನೆಲ ಬಂಜಿಮಾ, ಕುರ್ರಮಾ, ಇನ್ಹಾವಂಗ್ಕಾ ಜನರದ್ದು. ಅಲ್ಲಿ ಡೇಲ್ಸ್ ಗಾರ್ಜ್ ಎಂಬ ಆಳವಾದ ಕಂದರವಿದೆ. ಮೆಟ್ಟಿಲಿಳಿದು ಕೆಳಗೆ ಹೋದರೆ ಎರಡೂ ಕಡೆ ಕಲ್ಲಿನ ಗೋಡೆ. ಕೆಂಪು, ಕಪ್ಪು, ಮತ್ತೆ ಕೆಂಪು, ಹೀಗೆ ಪಟ್ಟೆಪಟ್ಟೆಯಾಗಿ, ಇಳಕಲ್ ಸೀರೆಗಳನ್ನು ಮಡಿಸಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ.

ತಂದೆ ಆ ಗೋಡೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಏನಪ್ಪಾ, ನಮ್ಮ ಸಂಡೂರು ಕಲ್ಲು ಇಲ್ಲಿಗೆ ಹೆಂಗ ಬಂತು?" ಅಂದರು.

ಮಗಳು ಆಗ ಒಂಬತ್ತನೇ ಕ್ಲಾಸು. "ಅಪ್ಪ, ಈ ಕಲ್ಲು ಯಾಕೆ ಇಷ್ಟು ಕೆಂಪು?" ಅಂತ ಕೇಳಿದಳು.

"ತುಕ್ಕು ಪುಟ್ಟಿ. ಕಬ್ಬಿಣ ತುಕ್ಕು ಹಿಡಿದರೆ ಕೆಂಪಾಗುತ್ತೆ."

"ತುಕ್ಕು ಹಿಡಿಯೋಕೆ ಆಕ್ಸಿಜನ್ ಬೇಕಲ್ವಾ? ಈ ಕಲ್ಲಿಗೆ 250 ಕೋಟಿ ವರ್ಷ ಅಂತೀರಿ. ಆಗ ಮರ ಇರಲಿಲ್ಲ, ಹುಲ್ಲೂ ಇರಲಿಲ್ಲ. ಮತ್ತೆ ಆಕ್ಸಿಜನ್ ಎಲ್ಲಿಂದ ಬಂತು?"

ನನಗೆ ಉತ್ತರ ಗೊತ್ತಿರಲಿಲ್ಲ. ಅದೇ ಕಲ್ಲನ್ನು ದಿನಾ ಅಗೆಸುವವನು ನಾನು. "ಗಾಳಿಯಲ್ಲಿ ಆಕ್ಸಿಜನ್ ಯಾವಾಗಲೂ ಇತ್ತು ಬಿಡು" ಅಂದುಬಿಟ್ಟೆ. ಅದು ತಪ್ಪು ಉತ್ತರ. ಆಮೇಲೆ ಗಣಿಯ ಕ್ಯಾಂಪಿನಲ್ಲಿ ಕೂತು ಎಷ್ಟೋ ರಾತ್ರಿ ಓದಿದೆ. ಓದಿ ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷ. ಸೂರ್ಯನ ಸುತ್ತ ತಿರುಗುತ್ತಿದ್ದ ಧೂಳು, ಬಂಡೆ, ಅನಿಲ ಒಟ್ಟುಗೂಡಿ ಭೂಮಿಯಾಯಿತು. ಆ ಅನಿಲದಲ್ಲಿ ಬಹುಪಾಲು ಜಲಜನಕ ಮತ್ತು ಹೀಲಿಯಂ. ಭೂಮಿಯ ಮೊದಲ ಹೊದಿಕೆಯಲ್ಲಿ ಅವು ಇದ್ದಿರಬಹುದು, ಆದರೆ ಉಳಿಯಲಿಲ್ಲ. ಉಳಿಯಲಿಲ್ಲ ಅಂತ ಹೇಗೆ ಗೊತ್ತು? ನಿಯಾನ್ ಎಂಬ ಅನಿಲ ಹೇಳುತ್ತದೆ. ಹಳೆಯ ಅಂಗಡಿ ಬೋರ್ಡುಗಳಲ್ಲಿ ಕೆಂಪಾಗಿ ಬೆಳಗುತ್ತದಲ್ಲ, ಅದೇ ನಿಯಾನ್. ಅದು ಯಾವುದರ ಜೊತೆಗೂ ಸೇರುವುದಿಲ್ಲ, ಕಲ್ಲಿನೊಳಗೆ ಹೋಗಿ ಕೂರುವುದಿಲ್ಲ. ಸೂರ್ಯನಲ್ಲಿ ಸಾರಜನಕ ಮತ್ತು ನಿಯಾನ್ ಹೆಚ್ಚುಕಡಿಮೆ ಸಮ ಪ್ರಮಾಣದಲ್ಲಿವೆ. ನಮ್ಮ ಗಾಳಿಯಲ್ಲಾದರೋ ಸಾರಜನಕ ಶೇಕಡಾ 78, ನಿಯಾನ್ ಹತ್ತು ಲಕ್ಷ ಪಾಲಿನಲ್ಲಿ ಬರೀ 18 ಪಾಲು. ನಮ್ಮ ಗಾಳಿ ಆ ಮೊದಲ ಅನಿಲದ ಉಳಿಕೆಯಾಗಿದ್ದರೆ ನಿಯಾನ್ ಕೂಡ ಅಷ್ಟೇ ಇರಬೇಕಿತ್ತು. ಇಲ್ಲ. ಅಂದರೆ ಆ ಮೊದಲ ಹೊದಿಕೆ ಹಾರಿಹೋಯಿತು, ಈಗಿನ ಗಾಳಿ ಬೇರೆ ಕಡೆಯಿಂದ ಬಂತು.

ಅದು ಬಂದದ್ದು ಹೆಚ್ಚಾಗಿ ಭೂಮಿಯ ಹೊಟ್ಟೆಯಿಂದ. ಅಮೆರಿಕದ ಭೂವಿಜ್ಞಾನಿ ವಿಲಿಯಂ ರೂಬಿ 1951ರಲ್ಲಿ ಒಂದು ಲೆಕ್ಕ ಹಾಕಿದರು. ಸಮುದ್ರದ ನೀರು, ಸುಣ್ಣದ ಕಲ್ಲಿನಲ್ಲಿರುವ ಇಂಗಾಲ, ಗಾಳಿಯ ಸಾರಜನಕ ಇವನ್ನೆಲ್ಲ ಕೂಡಿಸಿದರೆ, ಬರೀ ಬಂಡೆಗಳು ಸವೆದು ಅಷ್ಟು ಬರಲು ಸಾಧ್ಯವೇ ಇಲ್ಲ. ಒಳಗಿನಿಂದ ಜ್ವಾಲಾಮುಖಿ, ಬಿಸಿನೀರಿನ ಬುಗ್ಗೆಗಳ ಮೂಲಕ ಹೊರಬಂದಿರಬೇಕು ಅಂತ ಅವರು ತೋರಿಸಿದರು. ಆಕಾಶದಿಂದ ಬಿದ್ದ ಉಲ್ಕೆಗಳೂ ಸ್ವಲ್ಪ ಪಾಲು ತಂದವು. ಆ ಕಾಲದ ಭೂಮಿ ಶಾಂತವಾಗಿರಲಿಲ್ಲ. ಮಂಗಳ ಗ್ರಹದಷ್ಟು ದೊಡ್ಡದೊಂದು ಕಾಯ ಬಂದು ಅಪ್ಪಳಿಸಿ, ಅದರ ಚೂರುಗಳಿಂದ ಚಂದ್ರ ಹುಟ್ಟಿದ ಎಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುತ್ತಾರೆ. ಆಗ ಭೂಮಿಯ ಮೇಲ್ಮೈಯೆಲ್ಲ ಕರಗಿದ ಕಲ್ಲಿನ ಕಡಲಾಗಿತ್ತು, ಅದರ ಮೇಲೆ ಹಬೆಯ ಹೊದಿಕೆ.

ಇವತ್ತಿಗೂ ಜ್ವಾಲಾಮುಖಿಯಿಂದ ಬರುವ ಅನಿಲ ನೋಡಿ. ಹೆಚ್ಚಿನದು ನೀರಿನ ಹಬೆ. ಆಮೇಲೆ ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು, ಸ್ವಲ್ಪ ಸಾರಜನಕ, ಸ್ವಲ್ಪ ಜಲಜನಕ. ಉಸಿರಾಡುವಂಥ ಆಮ್ಲಜನಕ ಮಾತ್ರ ಇಲ್ಲ.

ಭೂಮಿ ತಣ್ಣಗಾಗುತ್ತಾ ಹಬೆ ಮಳೆಯಾಗಿ ಸುರಿದು ಸಮುದ್ರವಾಯಿತು. ಇದಕ್ಕೆ ಸಾಕ್ಷಿ ನಮ್ಮ ಪಶ್ಚಿಮ ಆಸ್ಟ್ರೇಲಿಯಾದಲ್ಲೇ ಇದೆ. ಜ್ಯಾಕ್ ಹಿಲ್ಸ್ ಎಂಬ ಗುಡ್ಡಗಳಲ್ಲಿ ಮರಳಿನ ಕಣದಷ್ಟು ಸಣ್ಣ ಜಿರ್ಕಾನ್ ಹರಳುಗಳು ಸಿಕ್ಕಿವೆ. ಅವುಗಳಲ್ಲಿ ಅತಿ ಹಳೆಯದಕ್ಕೆ 440 ಕೋಟಿ ವರ್ಷ. ಈ ಹರಳುಗಳ ರಸಾಯನವನ್ನು ಪರೀಕ್ಷಿಸಿದವರು, ಅವು ಹುಟ್ಟಿದ ಕಾಲಕ್ಕೇ ಭೂಮಿಯ ಮೇಲೆ ದ್ರವರೂಪದ ನೀರು ಇದ್ದ ಗುರುತು ಕಾಣುತ್ತದೆ ಎಂದು 2001ರಲ್ಲಿ ವರದಿ ಮಾಡಿದರು.

ಇಲ್ಲಿ ನಿಮ್ಮ ಶಾಲೆಯ ಪುಸ್ತಕದಲ್ಲಿರುವ ಒಂದು ಪ್ರಯೋಗದ ಮಾತು. 1953ರಲ್ಲಿ ಶಿಕಾಗೋದಲ್ಲಿ ಸ್ಟಾನ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿ, ತನ್ನ ಗುರು ಹೆರಾಲ್ಡ್ ಯೂರಿ ಅವರ ಯೋಚನೆಯಂತೆ, ಗಾಜಿನ ಬುರುಡೆಯಲ್ಲಿ ಮೀಥೇನ್, ಅಮೋನಿಯ, ಜಲಜನಕ, ನೀರಿನ ಹಬೆ ತುಂಬಿ ವಿದ್ಯುತ್ ಕಿಡಿ ಹಾಯಿಸಿದ. ಕೆಲವು ದಿನಗಳಲ್ಲಿ ಅಮೈನೋ ಆಮ್ಲಗಳು ಸಿಕ್ಕವು. ಜೀವದ ಇಟ್ಟಿಗೆಗಳು! ಮೊದಲ ಗಾಳಿ ಹೀಗೇ ಇತ್ತು ಅಂತ ಆಗ ಬಹಳ ಜನ ನಂಬಿದರು. ಆಮೇಲೆ ಜ್ವಾಲಾಮುಖಿಯ ಲೆಕ್ಕ ಬೇರೆ ಹೇಳಿತು. ಆ ಕಾಲದ ಗಾಳಿಯಲ್ಲಿ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕವೇ ಇದ್ದಿರಬೇಕು ಎಂಬ ಅಭಿಪ್ರಾಯ ಬೆಳೆಯಿತು. 2011ರಲ್ಲಿ ಇನ್ನೊಂದು ತಂಡ ಹಳೆಯ ಜಿರ್ಕಾನ್ ಹರಳುಗಳಲ್ಲಿ ಸೀರಿಯಂ ಎಂಬ ಧಾತುವನ್ನು ಅಳೆದು ನೋಡಿತು. 400 ಕೋಟಿ ವರ್ಷಕ್ಕೂ ಹಿಂದಿನ ಶಿಲಾರಸ ಇವತ್ತಿನದಕ್ಕೆ ಬಹಳ ಹತ್ತಿರವಿತ್ತು, ಹಾಗಾಗಿ ಅದರಿಂದ ಬಂದ ಅನಿಲವೂ ಇವತ್ತಿನ ಜ್ವಾಲಾಮುಖಿಯ ಅನಿಲದಂತೆಯೇ ಇದ್ದಿರಬೇಕು ಅಂತ ತಿಳಿಯಿತು. ಮಿಲ್ಲರ್‌ನ ಪ್ರಯೋಗ ಸುಳ್ಳಾಗಲಿಲ್ಲ. ಅದು ಊಹಿಸಿಕೊಂಡಿದ್ದ ಗಾಳಿಯ ಬಗ್ಗೆ ನಮ್ಮ ತಿಳಿವಳಿಕೆ ಬದಲಾಯಿತು.

ಅಷ್ಟೊಂದು ಇಂಗಾಲದ ಡೈಆಕ್ಸೈಡ್ ಈಗ ಎಲ್ಲಿ ಹೋಯಿತು? ಶುಕ್ರ ಗ್ರಹದಲ್ಲಿ ಅದು ಗಾಳಿಯಲ್ಲೇ ಉಳಿದಿದೆ. ಅಲ್ಲಿನ ಗಾಳಿಯ ಶೇಕಡಾ 96ಕ್ಕಿಂತ ಹೆಚ್ಚು ಅದೇ. ಒತ್ತಡ ನಮ್ಮದಕ್ಕಿಂತ 90 ಪಟ್ಟು ಮಿಕ್ಕಿದೆ. ನಮ್ಮಲ್ಲಿ ಮಳೆಯಿತ್ತು, ಸಮುದ್ರವಿತ್ತು. ಮಳೆಯ ನೀರಿನಲ್ಲಿ ಈ ಅನಿಲ ಕರಗಿ, ಬಂಡೆಗಳನ್ನು ಸವೆಸಿ, ಸಮುದ್ರ ಸೇರಿ, ಸುಣ್ಣದ ಕಲ್ಲಾಗಿ ತಳದಲ್ಲಿ ಕೂತಿತು. ಊರಿಗೆ ಹೋದಾಗ ಅಜ್ಜಿಯ ಮನೆಯ ನೆಲ ನೋಡಿದ್ದೀರಾ? ತಣ್ಣಗೆ, ಬೂದು ಬಣ್ಣದ ಶಹಾಬಾದ್ ಕಲ್ಲು. ಅದು ಕಲಬುರಗಿ ಕಡೆಯ ಸುಣ್ಣದ ಕಲ್ಲು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಮಲಗಿದ್ದರೆ, ಕಲ್ಲಾಗಿ ಕೂತ ಹಳೆಯ ಗಾಳಿಯ ಮೇಲೆ ಮಲಗಿದ್ದೀರಿ ಅಂತ ತಿಳಿಯಿರಿ.

ಇನ್ನೊಂದು ಒಗಟು. ಆಗಿನ ಸೂರ್ಯ ಈಗಿನಷ್ಟು ಪ್ರಖರವಾಗಿರಲಿಲ್ಲ. ಈಗಿನ ಬೆಳಕಿನ ಸುಮಾರು ಶೇಕಡಾ 70ರಿಂದ 75 ಅಷ್ಟೇ. ಆ ಲೆಕ್ಕದಲ್ಲಿ ಸಮುದ್ರಗಳು ಹೆಪ್ಪುಗಟ್ಟಬೇಕಿತ್ತು. ಕಾರ್ಲ್ ಸೇಗನ್ ಮತ್ತು ಜಾರ್ಜ್ ಮುಲ್ಲೆನ್ 1972ರಲ್ಲಿ ಈ ಪ್ರಶ್ನೆ ಎತ್ತಿದರು. ಅಮೋನಿಯ ಭೂಮಿಯನ್ನು ಬೆಚ್ಚಗೆ ಇಟ್ಟಿರಬಹುದು ಅಂದರು. ಅಮೋನಿಯ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಈಗ ಹೆಚ್ಚಿನವರು ಬೊಟ್ಟು ಮಾಡುವುದು ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಕಡೆಗೆ. ಈ ಕಾಲದಲ್ಲಿ ನಾವು ಹೆದರುವ ಅದೇ ಅನಿಲಗಳು ಆ ಕಾಲದಲ್ಲಿ ಭೂಮಿಗೆ ಕಂಬಳಿಯಾಗಿದ್ದವು.

ಗಾಳಿ ಎಷ್ಟು ದಟ್ಟವಾಗಿತ್ತು ಎಂಬುದನ್ನೂ ಕಲ್ಲಿನಲ್ಲೇ ಓದಿದ್ದಾರೆ. ಕರಿಜಿನಿ ಇರುವ ಪಿಲ್ಬಾರಾ ಪ್ರದೇಶದಲ್ಲಿ 270 ಕೋಟಿ ವರ್ಷ ದಾಟಿದ ಲಾವಾ ಪದರಗಳಿವೆ. ಕಾದ ಲಾವಾ ಗಟ್ಟಿಯಾಗುವಾಗ ಅದರೊಳಗೆ ಗುಳ್ಳೆಗಳು ಉಳಿಯುತ್ತವೆ. ಪದರದ ಮೇಲಿನ ಗುಳ್ಳೆಯನ್ನು ಅದುಮುವುದು ಗಾಳಿ ಮಾತ್ರ. ತಳದ ಗುಳ್ಳೆಯನ್ನು ಗಾಳಿಯೂ ಅದುಮುತ್ತದೆ, ಮೇಲಿರುವ ಲಾವಾದ ಭಾರವೂ ಅದುಮುತ್ತದೆ. ಎರಡೂ ಗುಳ್ಳೆಗಳ ಗಾತ್ರ ಹೋಲಿಸಿದರೆ ಗಾಳಿಯ ಒತ್ತಡ ಸಿಗುತ್ತದೆ. 2016ರಲ್ಲಿ ಪ್ರಕಟವಾದ ಉತ್ತರ: ಈಗಿನ ಒತ್ತಡದ ಅರ್ಧಕ್ಕಿಂತಲೂ ಕಡಿಮೆ. ನಾನು ಆ ಥರದ ಗುಳ್ಳೆಕಲ್ಲುಗಳನ್ನು ಬೂಟಿನಲ್ಲಿ ಒದ್ದುಕೊಂಡು ಓಡಾಡಿದವನು. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಈಗ ಮಗಳ ಪ್ರಶ್ನೆಗೆ ಬರೋಣ. ಆಮ್ಲಜನಕ ಎಲ್ಲಿಂದ ಬಂತು?

ಕಣ್ಣಿಗೆ ಕಾಣದ ಜೀವಿಗಳಿಂದ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಬಿಸಿಲಿನ ಶಕ್ತಿಯಿಂದ ನೀರನ್ನು ಒಡೆಯುವುದನ್ನು ಕಲಿತವು. ನೀರಿನಿಂದ ತಮಗೆ ಬೇಕಾದ್ದನ್ನು ತೆಗೆದುಕೊಂಡು, ಬೇಡವಾದ ಆಮ್ಲಜನಕವನ್ನು ಹೊರಗೆ ಬಿಟ್ಟವು. ಅವುಗಳ ಪಾಲಿಗೆ ಅದು ಕಸ. ಇಂಥ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟುವ ಕಲ್ಲಿನ ಗುಬ್ಬಿಗಳಿಗೆ ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಅವು ಇವತ್ತಿಗೂ ಜೀವಂತವಾಗಿ ಬೆಳೆಯುತ್ತಿವೆ. ಪಿಲ್ಬಾರಾದಲ್ಲಿ ಸುಮಾರು 348 ಕೋಟಿ ವರ್ಷದ ಹಳೆಯ ಸ್ಟ್ರೊಮ್ಯಾಟೊಲೈಟ್ ಪಳೆಯುಳಿಕೆಗಳಿವೆ. ಅಷ್ಟು ಹಳೆಯವು ಆಮ್ಲಜನಕ ಬಿಡುತ್ತಿದ್ದವೋ ಇಲ್ಲವೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆದಿದೆ.

ಹೊರಬಂದ ಆಮ್ಲಜನಕ ತಕ್ಷಣ ಗಾಳಿಗೆ ಸೇರಲಿಲ್ಲ. ಆಗಿನ ಸಮುದ್ರದಲ್ಲಿ ಕಬ್ಬಿಣ ಕರಗಿತ್ತು. ಆಮ್ಲಜನಕ ಸಿಕ್ಕ ಕೂಡಲೇ ಕಬ್ಬಿಣ ಅದನ್ನು ಹಿಡಿದುಕೊಂಡು ತುಕ್ಕಾಗಿ ತಳಕ್ಕೆ ಇಳಿಯಿತು. ಬಿಸಿಲಿನ ನೆರವಿನಿಂದ ಕಬ್ಬಿಣವನ್ನು ನೇರವಾಗಿ ತುಕ್ಕಾಗಿಸುವ ಬೇರೆ ಬ್ಯಾಕ್ಟೀರಿಯಾಗಳೂ ಇದರಲ್ಲಿ ಕೈಜೋಡಿಸಿರಬಹುದು. ಆ ತುಕ್ಕಿನ ಪದರಗಳೇ ನಾವು ಕರಿಜಿನಿಯಲ್ಲಿ ನೋಡಿದ ಪಟ್ಟೆಗಳು. ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖದ ಪಟ್ಟೆಯ ಕಬ್ಬಿಣ ಶಿಲೆಗಳೂ ಇದೇ ಜಾತಿಯವು. ಸಂಡೂರಿನವು ಇನ್ನೂ ಹಳೆಯವು, ಸುಮಾರು 270 ಕೋಟಿ ವರ್ಷ. ತಂದೆ ಕೇಳಿದ್ದು ತಮಾಷೆಗೆ, ಆದರೆ ಅವರ ಕೈ ಸರಿಯಾಗಿಯೇ ಗುರುತು ಹಿಡಿದಿತ್ತು. ಕಲ್ಲು ಅಲ್ಲಿಂದ ಇಲ್ಲಿಗೆ ಬಂದಿರಲಿಲ್ಲ. ಎರಡೂ ಕಡೆ ಒಂದೇ ಬಗೆಯ ಗಾಳಿ, ಒಂದೇ ಬಗೆಯ ಸಮುದ್ರ ಇತ್ತು.

ಕೊನೆಗೆ ಸುಮಾರು 240ರಿಂದ 230 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿತು. ಅದಕ್ಕೆ ಎರಡು ಸಾಕ್ಷಿ ಹೇಳುತ್ತೇನೆ. ಮೊದಲನೆಯದು ಪೈರೈಟ್, ಚಿನ್ನದಂತೆ ಹೊಳೆಯುವ ಕಬ್ಬಿಣ ಗಂಧಕದ ಖನಿಜ. ಈಗ ಅದನ್ನು ಹೊಳೆಯ ನೀರಿಗೆ ಬಿಟ್ಟರೆ ತುಕ್ಕು ಹಿಡಿದು ಹಾಳಾಗುತ್ತದೆ. ಆದರೆ ದಕ್ಷಿಣ ಆಫ್ರಿಕಾದ, ಪಿಲ್ಬಾರಾದ, ನಮ್ಮ ಪಶ್ಚಿಮಘಟ್ಟದ ಅತಿ ಹಳೆಯ ಜಲ್ಲಿಗಲ್ಲಿನ ಪದರಗಳಲ್ಲಿ ಹೊಳೆಯಲ್ಲಿ ಉರುಳಿ ನುಣ್ಣಗಾದ ಪೈರೈಟ್ ಕಣಗಳು ತುಕ್ಕಿಲ್ಲದೆ ಕೂತಿವೆ. ಅಂದರೆ ಆ ಹೊಳೆಗಳ ಮೇಲೆ ಬೀಸಿದ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ. ಎರಡನೆಯದು ಗಂಧಕ. ಆಮ್ಲಜನಕವಿಲ್ಲದ ಗಾಳಿಯಲ್ಲಿ ಬಿಸಿಲಿನ ನೇರಳಾತೀತ ಕಿರಣಗಳು ಗಂಧಕದ ಅನಿಲದ ಮೇಲೆ ಒಂದು ವಿಶೇಷ ಗುರುತು ಬಿಡುತ್ತವೆ. 2000ನೇ ಇಸವಿಯಲ್ಲಿ ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ಆ ಗುರುತನ್ನು ಹಳೆಯ ಕಲ್ಲುಗಳಲ್ಲಿ ಕಂಡರು. ಆ ಕಾಲಘಟ್ಟದ ನಂತರದ ಕಲ್ಲುಗಳಲ್ಲಿ ಅದು ಮಾಯವಾಗಿದೆ.

ಆಮ್ಲಜನಕಕ್ಕೆ ಕನ್ನಡದಲ್ಲಿ ಪ್ರಾಣವಾಯು ಅಂತಲೂ ಹೇಳುತ್ತೇವೆ. ಆದರೆ ಆ ಕಾಲದ ಬಹಳಷ್ಟು ಸೂಕ್ಷ್ಮಜೀವಿಗಳಿಗೆ ಅದು ವಿಷವಾಗಿತ್ತು. ತಡೆಯಲಾಗದವು ಸತ್ತವು, ಇಲ್ಲವೇ ಆಮ್ಲಜನಕ ತಲುಪದ ಕೆಸರಿನೊಳಗೆ ಸೇರಿಕೊಂಡವು. ಅಂಥವುಗಳ ಬಳಗ ಈಗಲೂ ಗದ್ದೆಯ ಕೆಸರಿನಲ್ಲಿ, ಹಸುವಿನ ಹೊಟ್ಟೆಯಲ್ಲಿ, ನಮ್ಮ ಕರುಳಿನಲ್ಲಿ ಬದುಕಿದೆ. ಬೆಚ್ಚಗಿಡುತ್ತಿದ್ದ ಮೀಥೇನ್ ಆಮ್ಲಜನಕದಿಂದಾಗಿ ಕಡಿಮೆಯಾಗಿ, ಭೂಮಿ ದೊಡ್ಡ ಹಿಮಯುಗಕ್ಕೆ ಜಾರಿತು ಎಂದೂ ಹಲವರು ಹೇಳುತ್ತಾರೆ. ಇನ್ನೊಂದು ಕಡೆ, ಅದೇ ಆಮ್ಲಜನಕದಿಂದ ಮೇಲೆ ಓಜೋನ್ ಪದರ ಕಟ್ಟಿತು.

ಕಾಲದ ಅಳತೆ ಬೇಕಾದರೆ ನಮ್ಮ ಪ್ರಯಾಣವನ್ನೇ ತೆಗೆದುಕೊಳ್ಳಿ. ಪರ್ತ್‌ನಲ್ಲಿ ಕಾರು ಹೊರಟಾಗ ಭೂಮಿ ಹುಟ್ಟಿತು, 1400 ಕಿಲೋಮೀಟರ್ ಓಡಿಸಿ ಕರಿಜಿನಿ ತಲುಪಿದಾಗ ಇವತ್ತು ಅಂದುಕೊಳ್ಳೋಣ. ಲಾಲ್‌ಬಾಗ್‌ನ ಬಂಡೆ ಹತ್ತಿದ್ದೀರಲ್ಲ, ಅದಕ್ಕೆ ಸುಮಾರು 300 ಕೋಟಿ ವರ್ಷ. ಅದು ಸಿಗುವುದು 475ನೇ ಕಿಲೋಮೀಟರಿನಲ್ಲಿ. ಅಲ್ಲಿ ಕಾರಿನ ಕಿಟಕಿ ತೆಗೆದರೆ ಉಸಿರುಗಟ್ಟಿ ಸಾಯುತ್ತೇವೆ. ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗುವುದು 660 ಕಿಲೋಮೀಟರ್ ದಾಟಿದ ಮೇಲೆ. ಆದರೂ ಕಿಟಕಿ ತೆಗೆಯುವ ಹಾಗಿಲ್ಲ, ಅದು ಇನ್ನೂ ಬಹಳ ಕಡಿಮೆ. ಅದು ಎರಡನೇ ಸಲ ಏರುವುದು ಕೊನೆಯ 250 ಕಿಲೋಮೀಟರಿನೊಳಗೆ. ಮೊದಲ ನೆಲದ ಗಿಡಗಳು ಬರುವಾಗ 150 ಕಿಲೋಮೀಟರ್ ಕೂಡ ಉಳಿದಿರುವುದಿಲ್ಲ. ಮನುಷ್ಯರು ಬರುವುದು ಪಾರ್ಕಿಂಗ್ ಜಾಗದ ಕೊನೆಯ 100 ಮೀಟರಿನಲ್ಲಿ.

ಈಗ ಒಂದು ಉಸಿರು ಎಳೆದುಕೊಳ್ಳಿ. ಅದರಲ್ಲಿ ಶೇಕಡಾ 78 ಸಾರಜನಕ, ಅದು ಭೂಮಿಯ ಹೊಟ್ಟೆಯಿಂದ ಬಂದದ್ದು. ಸುಮಾರು ಶೇಕಡಾ 21 ಆಮ್ಲಜನಕ, ಅದು ಜೀವಿಗಳು ಮಾಡಿದ್ದು. ಶೇಕಡಾ 1ರ ಹತ್ತಿರ ಆರ್ಗಾನ್. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಂಡೆಗಳಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ ನಿಧಾನವಾಗಿ ಒಡೆದು ಹುಟ್ಟಿದ್ದು. ಇಂಗಾಲದ ಡೈಆಕ್ಸೈಡ್ ಶೇಕಡಾ 0.04ಕ್ಕಿಂತ ಸ್ವಲ್ಪ ಹೆಚ್ಚು. ಭೂಮಿ ಹುಟ್ಟಿದಾಗಿನಿಂದ ಹಾಗೇ ಇರುವ ಗಾಳಿ ಅಂತ ಒಂದೂ ಇಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿ, ಅವತ್ತು ತಪ್ಪು ಉತ್ತರ ಕೊಟ್ಟೆ ಅಂತ ಒಪ್ಪಿಕೊಂಡೆ. ಅವಳು ಸ್ವಲ್ಪ ಯೋಚಿಸಿ ಇನ್ನೊಂದು ಪ್ರಶ್ನೆ ಹಾಕಿದಳು. "ಹಾಗಾದ್ರೆ ನೀವು ಆ ಕಲ್ಲನ್ನು ಅಗೆದು ಹಡಗಿಗೆ ತುಂಬಿಸ್ತೀರಲ್ಲ, ಅದರಲ್ಲಿರೋ ಆಕ್ಸಿಜನ್ ಆಮೇಲೆ ಏನಾಗುತ್ತೆ?"

ಈ ಸಲ ನನಗೆ ಉತ್ತರ ಗೊತ್ತಿತ್ತು, ಹೇಳಲು ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು. ಅದಿರು ಅಂದರೆ ಕಬ್ಬಿಣ ಮತ್ತು ಆಮ್ಲಜನಕದ ಜೋಡಿ. ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಕಲ್ಲಿದ್ದಲಿನ ಇಂಗಾಲ ಆ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಉಳಿಯುತ್ತದೆ, ಆಮ್ಲಜನಕ ಇಂಗಾಲದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಹೀಗೆ ಮಾಡಿದ ಒಂದು ಟನ್ ಉಕ್ಕಿಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. 250 ಕೋಟಿ ವರ್ಷ ಕಲ್ಲಿನಲ್ಲಿ ಕೂತಿದ್ದ ಆಮ್ಲಜನಕವನ್ನು ನಾವು ಒಂದು ಮಧ್ಯಾಹ್ನದಲ್ಲಿ ಗಾಳಿಗೆ ಬಿಡುತ್ತೇವೆ, ಅದೂ ಬೇರೆ ರೂಪದಲ್ಲಿ. ಕೈಗಾರಿಕೆಗಳು ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಈ ಅನಿಲ ಈಗ 420 ದಾಟಿದೆ. ಆಮ್ಲಜನಕದ ರಾಶಿ ದೊಡ್ಡದು, ನಮ್ಮಿಂದ ಅದಕ್ಕೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಇಂಗಾಲದ ಡೈಆಕ್ಸೈಡ್‌ನ ಪಾಲು ಸಣ್ಣದು. ಅದಕ್ಕೇ ಅದು ಇಷ್ಟು ಬೇಗ ಏರಿತು. ಮಳೆ ಅದನ್ನು ಸುಣ್ಣದ ಕಲ್ಲಾಗಿಸುತ್ತದೆ ನಿಜ, ಆದರೆ ಮಳೆಯ ಕೆಲಸಕ್ಕೆ ಲಕ್ಷಾಂತರ ವರ್ಷ ಬೇಕು.

ಇದನ್ನು ಹೇಳಿ ನಾನು ಕೆಲಸ ಬಿಟ್ಟೆ ಅಂತ ತಿಳಿಯಬೇಡಿ. ನಾನಿನ್ನೂ ಅದೇ ಗಣಿಯಲ್ಲಿದ್ದೇನೆ. ನಿಮ್ಮ ಮನೆ, ನಿಮ್ಮ ಶಾಲೆ, ನೀವು ಕೂತಿರುವ ಕಾರು ಎಲ್ಲದರಲ್ಲೂ ಉಕ್ಕಿದೆ, ನನ್ನ ಮನೆಯ ಊಟವೂ ಅದರಿಂದಲೇ. ಆದರೆ ಕಲ್ಲಿದ್ದಲಿನ ಬದಲು ಜಲಜನಕದಿಂದ ಆ ಆಮ್ಲಜನಕವನ್ನು ಬಿಡಿಸುವ ದಾರಿಯೂ ಇದೆ. ಆಗ ಹೊರಬರುವುದು ನೀರಿನ ಹಬೆ. 2021ರಲ್ಲಿ ಸ್ವೀಡನ್‌ನಲ್ಲಿ ಹಾಗೆ ಮಾಡಿದ ಉಕ್ಕಿನ ಮೊದಲ ಕಂತು ಗ್ರಾಹಕರ ಕೈ ಸೇರಿತು. ಭೂಮಿಯಿಂದ ಮೊದಲು ಹಾರಿಹೋದ ಅನಿಲವೇ ಈಗ ನೆರವಿಗೆ ಬರಬಹುದೇನೋ. ಅದನ್ನು ಅಗ್ಗವಾಗಿ, ದೊಡ್ಡ ಪ್ರಮಾಣದಲ್ಲಿ ಮಾಡುವ ಕೆಲಸ ಇನ್ನೂ ಬಾಕಿ ಇದೆ. ಆ ಕೆಲಸಕ್ಕೆ ಎಂಜಿನಿಯರುಗಳು ಬೇಕು, ರಸಾಯನ ಓದಿದವರು ಬೇಕು, ಮಗಳ ಹಾಗೆ ಎರಡನೇ ಪ್ರಶ್ನೆ ಕೇಳುವವರು ಬೇಕು.

ಮೊನ್ನೆ ವಿಡಿಯೊ ಕಾಲ್‌ನಲ್ಲಿ ತಂದೆಗೆ ಇದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ನಾನೂ ನಲವತ್ತು ವರ್ಷ ಗಾಳಿನೇ ಅಗದೀನಿ ಅನ್ನು" ಅಂದು ನಕ್ಕರು. ಮಗಳು ಪಕ್ಕದಲ್ಲೇ ಇದ್ದಳು. "ಹೌದು ತಾತ" ಅಂದಳು.

ನೀವು ಮುಂದಿನ ಸಲ ಊರಿಗೆ ಹೋದಾಗ ಲಾಲ್‌ಬಾಗ್‌ನ ಬಂಡೆಯನ್ನು, ಅಜ್ಜಿ ಮನೆಯ ನೆಲವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಪ್ರಶ್ನೆ ಹುಟ್ಟಿದರೆ ಅಪ್ಪ ಅಮ್ಮನನ್ನು ಕೇಳಿ. ಅವರಿಗೂ ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಓದಿ.